ಯಾವ ಖಾತೆಗೆ ಬರೆಯಲಿ?

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಮಾಳಿಗೆ ಸೋರಿತು. ಸರಿಯಾಗಿ ಕಪಾಟಿನ ಮೇಲೆಯೇ. ಎದ್ದವನೇ ನಾನು ಮೊದಲು ಎತ್ತಿಟ್ಟಿದ್ದು ನಾಣ್ಯದ ಆಲ್ಬಂ. ಜೋಳದ ಚೀಲ ಎಳೆದದ್ದು ಆಮೇಲೆ. ನಮ್ಮಾಕಿ ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೇ ನನಗೆ ಜಾಸ್ತಿ ಹೆದರಿಕೆಯಾಯಿತು.

ಬೆಳಿಗ್ಗೆ ಚಹಾ ಕೊಡುವಾಗ ಕೇಳಿದಳು: "ಆ ಆಲ್ಬಂದಾಗ ಒಟ್ಟ ಎಷ್ಟ ರೊಕ್ಕ ಅದರೀ?"

ನಾನು ವಿಜಯಪುರದ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಊರವರ ಪೈಸೆ ಪೈಸೆಗೂ ನನ್ನ ಹತ್ತಿರ ವೋಚರ್ ಇರುತ್ತದೆ. ನನ್ನ ಹವ್ಯಾಸಕ್ಕೆ ಮಾತ್ರ ಒಂದು ಚಿಕ್ಕ ಡೈರಿ, ಅದೂ ಬೀಗದೊಳಗೆ. ಹನ್ನೊಂದು ವರ್ಷದ್ದನ್ನು ಕೂಡಿಸಿದೆ. 61 ಸಾವಿರ ಚಿಲ್ಲರೆ ಬಂತು. ಬೆಂಗಳೂರಿನ ನಾಣ್ಯ ಮೇಳಗಳಿಗೆ ಹೋದ ಬಸ್ ಖರ್ಚು, ಲಾಡ್ಜ್ ಖರ್ಚು ಅದರಲ್ಲಿ ಇರಲೇ ಇಲ್ಲ. ಬೇಕಂತಲೇ ಬರೆದಿರಲಿಲ್ಲ.

"ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟ್" ಅಂದೆ. ಹನ್ನೊಂದು ವರ್ಷದಿಂದ ಇದನ್ನೇ ಹೇಳುತ್ತಿದ್ದೆ, ಹೆಚ್ಚಾಗಿ ನನಗೆ ನಾನೇ.

"ಹಂಗಿದ್ರ ಚೊಲೋ ಆತು. ಮಾಳಿಗಿಗೆ 40 ಸಾವಿರ ಕೇಳ್ಯಾರ. ನಡೀರಿ ಸರಾಫ್ ಬಜಾರಕ್ಕ."

ಸಂಘಕ್ಕೆ ರಜೆ ಹಾಕಿ ಹೊರಟೆ. ಸ್ಕೂಟರಿನಲ್ಲಿ ನಡುವೆ ಆಲ್ಬಂ, ಹಿಂದೆ ನಮ್ಮಾಕಿ. ನಾವು ಹೋಗುವ ಪತ್ತಾರರು ನಮ್ಮ ಮದುವೆಯ ತಾಳಿ ಮಾಡಿಕೊಟ್ಟವರು. ಅವರ ಅಂಗಡಿಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ.

ಮೊದಲು ರಾಣಿ ಛಾಪಿನವು ಹೊರಗೆ ಬಂದವು. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್, ಎಲ್ಲಾ ಸೇರಿ ಬ್ರಿಟಿಷರ ಕಾಲದ 22 ರೂಪಾಯಿ ನಾಣ್ಯ. ಒಂದೊಂದೂ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲಿ. ಹಳೆಯವುಗಳಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ ಈಚಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಪತ್ತಾರರು ಇಸವಿ ನೋಡಿ ಅಂಥ ಎರಡನ್ನು ಬೆರಳಲ್ಲೇ ಆಚೆ ತಳ್ಳಿದರು. ಉಳಿದವನ್ನು ತೂಗಿ, ಕಳೆಯುವುದನ್ನು ಕಳೆದು, 25 ಸಾವಿರದ ಮೇಲೆ ಒಂದು ಲೆಕ್ಕ ಹೇಳಿದರು. ನಾನು ಒಂದೊಂದನ್ನು 700ರ ಆಸುಪಾಸು ಕೊಂಡಿದ್ದೆ. ನಮ್ಮಾಕಿಯ ಕಡೆ ಜಂಬದಿಂದ ನೋಡಿದೆ.

"ಇದರಾಗ ನಿಮ್ಮ ಶ್ಯಾಣೇತನ ಏನದ?" ಅಂದಳು. "ಬೆಳ್ಳಿ ರೇಟ್ ಏರೇದ. ಬೆಳ್ಳಿ ಗಟ್ಟೀನ ತಗೊಂಡು ಇಟ್ಟಿದ್ರೂ ಇಷ್ಟ ಬರತಿತ್ತು."

ಪತ್ತಾರರು ನಗು ತಡೆದುಕೊಂಡರು. ನನಗೆ ಉತ್ತರ ಹೊಳೆಯಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ನಿಜ.

ಆಮೇಲೆ ನನ್ನ ಹೆಮ್ಮೆಯ 1911ರ ರೂಪಾಯಿ ತೆಗೆದೆ. ಅದಕ್ಕೆ ನಾನು ಕೊಟ್ಟದ್ದು 4,200. ಅದರ ಕತೆಯನ್ನೂ ಹೇಳಿದೆ. ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಗಿಡ್ಡ, ಕಾಲೂ ಗಿಡ್ಡ. ನೋಡಿದವರಿಗೆ ಹಂದಿಯಂತೆ ಕಂಡಿತು. ಜನ ಸಿಟ್ಟಾದರು. ಸರಕಾರ ಅದನ್ನು ವಾಪಸ್ ಪಡೆದು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಹೊಡೆಯಿತು. ಉಳಿದವು ಕಡಿಮೆ, ಅದಕ್ಕೇ ಬೆಲೆ. ಪತ್ತಾರರು ಕಣ್ಣಿಗೆ ಭೂತಗನ್ನಡಿ ಇಟ್ಟು ಬಹಳ ಹೊತ್ತು ಆನೆಯನ್ನೇ ನೋಡಿದರು. "ಖರೇನ ಹಂದಿ ಇದ್ದಂಗ ಐತ್ರಿ" ಅಂದರು. ಆಮೇಲೆ ಅದನ್ನೂ ತಕ್ಕಡಿಗೆ ಹಾಕಿದರು. 11.66. "ನನಗ ಆನಿನೂ ಅಷ್ಟ, ಹಂದಿನೂ ಅಷ್ಟರೀ. ತೂಕಕ್ಕ ರೊಕ್ಕ ಕೊಡತೀನಿ."

ಅವರ ತಪ್ಪೇನಿಲ್ಲ. ಕತೆಗೆ ಬೆಲೆ ಕೊಡುವ ಇನ್ನೊಬ್ಬ ಹುಚ್ಚ ಸಿಗಬೇಕು. ಅವನು ಮೇಳದಲ್ಲಿ ಸಿಗುತ್ತಾನೆ, ಮಾಳಿಗೆ ಸೋರುವ ದಿನ ಸಿಗುವುದಿಲ್ಲ. ಸಿಕ್ಕರೂ, ಕೊಳ್ಳುವಾಗ ಇದ್ದ ಬೆಲೆ ಮಾರುವಾಗ ಇರುವುದಿಲ್ಲ. ನಡುವಿನ ವ್ಯಾಪಾರಿಯೂ ಬದುಕಬೇಕಲ್ಲ.

ಕೊನೆಗೆ ಉಳಿದದ್ದು ಲಾರಿ. ವಾಹನವಲ್ಲ, ನಾಣ್ಯ. ಇರಾನಿನ ಲಾರ್ ಎಂಬ ಊರಿನಿಂದ ಬಂದ ಹೆಸರು. ದಪ್ಪ ಬೆಳ್ಳಿ ತಂತಿಯನ್ನು ಮಧ್ಯಕ್ಕೆ ಮಡಚಿ ಮೇಲೆ ಅಚ್ಚು ಒತ್ತಿರುತ್ತಾರೆ. ಕಡಲ ವ್ಯಾಪಾರಕ್ಕೆ ಇದು ನಡೆಯುತ್ತಿತ್ತು. ನಮ್ಮ ವಿಜಯಪುರದ ಎರಡನೇ ಅಲಿ ಆದಿಲ್ ಶಾಹ ಕೂಡ ಇದನ್ನು ಹೊಡೆಸಿದ್ದ. 1672ರಲ್ಲಿ ತೀರಿಕೊಂಡ ಅರಸ, ಅರ್ಧಕ್ಕೇ ನಿಂತ ತನ್ನ ಗೋರಿ ಬಾರಾ ಕಮಾನಿನಲ್ಲಿ ಮಲಗಿದ್ದಾನೆ. ಆ ಕಮಾನುಗಳ ಬದಿಯಿಂದಲೇ ನಾನು ದಿನಾ ಕೆಲಸಕ್ಕೆ ಹೋಗುತ್ತೇನೆ. ಅವನ ಕಾಲದ ರೊಕ್ಕ ನನ್ನ ಕೈಯಲ್ಲಿ ಅಂದರೆ ಸುಮ್ನೆ ಮಾತಾ? ಮೇಳದಲ್ಲಿ 6,500 ಎಣಿಸಿ ತಂದಿದ್ದೆ. ಮನೆಯಲ್ಲಿ ತೂಗಿಯೂ ನೋಡಿದ್ದೆ. ಐದು ಗ್ರಾಮಿಗೆ ಸ್ವಲ್ಪ ಕಡಿಮೆ. ಇರಬೇಕಾದಷ್ಟೇ ಇತ್ತು.

"ಇದು ಹೇರ್‌ಪಿನ್ ಅಲ್ಲೇನು?" ಅಂದಳು ನಮ್ಮಾಕಿ.

ಪತ್ತಾರರು ಒರೆಗಲ್ಲಿಗೆ ಒಂದು ಗೆರೆ ಎಳೆದರು. ಬಿಳಿ. ಅದೇ ಜಾಗ ಸ್ವಲ್ಪ ಅರದಿಂದ ತಿಕ್ಕಿ ಇನ್ನೊಂದು ಗೆರೆ ಎಳೆದರು. ಹಳದಿ. ಯಾರೂ ಮಾತಾಡಲಿಲ್ಲ. ಹೊರಗೆ ಯಾರೋ ಬಾಳೆಹಣ್ಣು ಕೂಗುತ್ತಿದ್ದರು.

"ಮ್ಯಾಲ ಬೆಳ್ಳಿ ನೀರು ರೀ, ಒಳಗ ಹಿತ್ತಾಳಿ."

ಅಲ್ಲಿಂದಲೇ ಮೇಳದ ವ್ಯಾಪಾರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ. ತೂಕ ಸರಿ ಇದೆ ಅಂತ ನಾನು ನಂಬಿದೆ. ಖೊಟ್ಟಿ ಮಾಡುವವನ ಹತ್ತಿರವೂ ತಕ್ಕಡಿ ಇರುತ್ತದೆ ಅಂತ ಹೊಳೆಯಲೇ ಇಲ್ಲ. ಲೆಕ್ಕದವನಿಗೆ ಹೊಳೆಯಬೇಕಿತ್ತು.

ನಾಚಿಕೆಗೆ ಎಲ್ಲವನ್ನೂ ಅಲ್ಲೇ ಕೊಟ್ಟುಬಿಡುತ್ತಿದ್ದೆ. 1911ರದ್ದನ್ನು ತಕ್ಕಡಿಯಿಂದ ಎತ್ತಿಕೊಂಡವಳು ನಮ್ಮಾಕಿಯೇ. "ಇದನ್ನ ಕರಗಸಬ್ಯಾಡ್ರಿ. ಒಮ್ಮೆ ಕರಗಸೂದರಾಗಿಂದ ಉಳದ ಬಂದದ" ಅಂದಳು. ಉಳಿದದ್ದನ್ನು ಮಾರಿದೆವು. ಸಾಲದ್ದಕ್ಕೆ ಸಂಘದಲ್ಲಿ ಸಾಲ ತೆಗೆದೆ. ಮಾಳಿಗೆ ಈಗ ಸೋರುವುದಿಲ್ಲ.

ಅವಳನ್ನು ಒಳ್ಳೆಯವಳು ಅನ್ನುವ ಮುಂಚೆ ಒಂದು ಮಾತು. ನಮ್ಮ ಅಜ್ಜಿಯ ಐದು ಕಲದಾರ, ಅಂದರೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ, ದೇವರ ಜಗಲಿಯಲ್ಲಿವೆ. ಪ್ರತಿ ದೀಪಾವಳಿಗೆ ಇವಳು ಅವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾಳೆ. ತಿಕ್ಕಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕೊಡುವುದಿಲ್ಲ, ಆ ಕಪ್ಪು ಬಣ್ಣವೇ ಅದರ ವಯಸ್ಸು ಅಂತ ನೂರು ಸಲ ಹೇಳಿದ್ದೇನೆ. "ಲಕ್ಷ್ಮಿ ಪೂಜಿಗೆ ಕರೇ ರೊಕ್ಕ ಇಡಲೇನು?" ಅನ್ನುತ್ತಾಳೆ. ರಾಣಿಯ ಮೂಗು ಸವೆದು ಹೋಗಿದೆ. ಆದರೆ ಆ ಐದನ್ನು ಮಾರುವ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಈ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆ ಹೋಗಿದ್ದೆವು. ಹಳೆ ಪಾತ್ರೆ ಹರವಿಕೊಂಡು ಕೂತಿದ್ದ ಒಬ್ಬ ಮುದುಕನ ತಟ್ಟೆಯಲ್ಲಿ ತಾಮ್ರದ ಬಿಲ್ಲೆಗಳಿದ್ದವು. ಒಂದನ್ನು ಬಿಸಿಲಿಗೆ ಹಿಡಿದೆ. ಎರಡನೇ ಇಬ್ರಾಹಿಂ ಆದಿಲ್ ಶಾಹನದು. ಪಾರ್ಸಿ ಲಿಪಿಯಲ್ಲಿ "ಇಬ್ರಾಹಿಂ ಅಬಲಾ ಬಲಿ" ಅಂತ. ಅಬಲರಿಗೆ ಬಲ ಅಂತ ಅರ್ಥ ಹೇಳುತ್ತಾರೆ. ಅರಸನ ದುಡ್ಡಿನ ಮೇಲೆ ನಮ್ಮ ಕಡೆಯ ಮಾತು ಪಾರ್ಸಿ ಅಂಗಿ ತೊಟ್ಟು ಕೂತಿದೆ. 80 ರೂಪಾಯಿ ಕೊಟ್ಟೆ. ಇದು ಖೊಟ್ಟಿ ಆದರೂ ಅಷ್ಟೇ ತಾನೇ ಹೋಗುವುದು.

ರಾತ್ರಿ ಮನೆಯ ಜಮಾಖರ್ಚಿನ ಪುಸ್ತಕ ತೆಗೆದೆ. ಈಗ ಬೇರೆ ಡೈರಿ ಇಲ್ಲ.

"ಇದನ್ನ ಯಾವ ಖಾತೆಗೆ ಬರೀಲಿ?"

ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು: "ಮಿರ್ಚಿ ಭಜಿ, ಚುರುಮರಿ ಅಂತ ಬರದೀರಲ್ಲ, ಅದರ ಕೆಳಗ ಬರೀರಿ."