ಮಂಜರಾಬಾದ್ ಕೋಟೆ: ಗೋಡೆಯ ಮೇಲೆ ಒಂದು ಸುತ್ತು ನಡೆಯಿರಿ

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಆರು ಕಿಲೋಮೀಟರಿನಷ್ಟು ಸಾಗಿದರೆ ದೋಣಿಗಾಲಿನ ಬಳಿ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಸಿಗುತ್ತದೆ. ಡ್ರೋನ್‌ನಿಂದ ತೆಗೆದ ನಕ್ಷತ್ರಾಕಾರದ ಚಿತ್ರ ನೋಡಿ ಬರುವವರು, ಸುಮಾರು 250 ಮೆಟ್ಟಿಲು ಹತ್ತಿದ ಮೇಲೆ ಆ ಆಕಾರ ಎಲ್ಲೂ ಕಾಣದೆ, ನಡುವಿನ ಕೊಳದ ಬಳಿ ನಾಲ್ಕು ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಬ್ಬಾಗಿಲು ದಾಟುವಾಗ ತಲೆಯೆತ್ತಿ ನೋಡಿ: ಕೋಟೆಯ ನಕ್ಷೆಯನ್ನು ಅಲ್ಲಿನ ಛಾವಣಿಯಲ್ಲೇ ಕೆತ್ತಿದ್ದಾರೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ಬನ್ನಿ.

ಟಿಪ್ಪು ಸುಲ್ತಾನನು 1792ರಲ್ಲಿ ಮುಗಿಸಿದ ಈ ಕೋಟೆಯ ಎಂಟು ಮೂಲೆಗಳು ಅಂದಕ್ಕಾಗಿ ಹೊರಚಾಚಿದವಲ್ಲ. ನಮ್ಮ ಹಳೆಯ ಕೋಟೆಗಳ ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ಸೇರಿಕೊಂಡರೆ, ಮೇಲಿದ್ದ ಸೈನಿಕನಿಗೆ ಅವನು ಕಾಣುತ್ತಲೇ ಇರಲಿಲ್ಲ. ಫಿರಂಗಿಯ ಕಾಲದಲ್ಲಿ ಆ ಮರೆಯಲ್ಲಿ ಕುಳಿತು ಗೋಡೆಗೆ ಮದ್ದಿಟ್ಟು ಸಿಡಿಸುವುದು ಕಷ್ಟವಿರಲಿಲ್ಲ. ಮೊನಚಾಗಿ ಹೊರಬಂದ ಮೂಲೆಗಳಿರುವ ಕೋಟೆಯಲ್ಲಿ ಅಂತಹ ಮರೆ ಉಳಿಯುವುದಿಲ್ಲ. ಯಾವುದಾದರೂ ಒಂದು ಮೂಲೆಯಲ್ಲಿ ನಿಂತು, ಕೈಪಿಡಿ ಗೋಡೆಯ ಕೋವಿಕಿಂಡಿಗೆ ಕಣ್ಣಿಟ್ಟು ಪಕ್ಕಕ್ಕೆ ನೋಡಿದರೆ ಈ ಲೆಕ್ಕಾಚಾರ ತಾನಾಗಿ ಅರ್ಥವಾಗುತ್ತದೆ: ಒಂದು ಮೂಲೆಯನ್ನು ಕಾಯುವ ಕೆಲಸ ಅದರ ಪಕ್ಕದ ಮೂಲೆಯದು. ಇಟಲಿಯಲ್ಲಿ ಹುಟ್ಟಿ, ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್‌ನ (1633–1707) ಕೈಯಲ್ಲಿ ಪಳಗಿದ ಈ ವಿದ್ಯೆ ಮಲೆನಾಡಿನ ಗುಡ್ಡದ ಮೇಲೆ ಇಷ್ಟು ಅಚ್ಚುಕಟ್ಟಾಗಿ ಉಳಿದಿರುವುದು ನನಗಂತೂ ಹೆಮ್ಮೆಯ ಸಂಗತಿ.

ಹೊರಗೋಡೆ ಗ್ರಾನೈಟ್ ಕಲ್ಲು ಮತ್ತು ಸುಣ್ಣದ ಗಾರೆಯದು, ಒಳಗಿನ ಕಟ್ಟಡಗಳು ಸುಟ್ಟ ಇಟ್ಟಿಗೆಯವು. ಗೋಡೆಯ ಹೊರಗೆ ಕಂದಕವಿದೆ. ಕೂಡು ಚಿಹ್ನೆಯಂತೆ ನಾಲ್ಕೂ ಕಡೆ ಮೆಟ್ಟಿಲಿಳಿದಿರುವ ಕೊಳದ ಪಕ್ಕದಲ್ಲೇ ನೆಲದೊಳಗೆ ಮದ್ದಿನ ಕೋಣೆಗಳಿವೆ. ಅಲ್ಲಿಗಿಳಿದರೆ ಹೊರಗಿನ ಬಿಸಿಲಿನ ಸುಳಿವೇ ಇರುವುದಿಲ್ಲ, ಟಾರ್ಚ್ ಇಟ್ಟುಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಮಂಜು ಕವಿದರೆ ಪಕ್ಕದ ಮೂಲೆಯೇ ಕಾಣುವುದಿಲ್ಲ, ಪಾಚಿ ಕಟ್ಟಿದ ಕಲ್ಲು ಕಾಲು ಜಾರಿಸುತ್ತದೆ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಿರಿ, ಗೋಡೆಯ ಮೇಲೆ ಮಕ್ಕಳ ಕೈ ಬಿಡಬೇಡಿ. ಹಾಸನದಿಂದ ಸಕಲೇಶಪುರಕ್ಕೆ ಬಸ್ಸೂ ರೈಲೂ ಇವೆ. ಬೆಳಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ಸುತ್ತು ಮುಗಿಯುತ್ತದೆ.