ಎಂಟನೇ ತರಗತಿಯ ನನಗೆ

ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದರೆ ಹಳೆಯ ವಿದ್ಯಾರ್ಥಿಗಳು ಮೇಷ್ಟ್ರುಗಳನ್ನೋ ಗೆದ್ದ ಕಪ್ಪುಗಳನ್ನೋ ನೆನೆಯುತ್ತಾರೆ. ನನಗೆ ನೆನಪಾಗುವವನು ಗೋಡೆಯ ಬದಿಯ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ ಎಂಟನೇ ತರಗತಿಯ ಹುಡುಗ, ಅಂದರೆ ನಾನೇ. ಅವನಿಗೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಕೇಳುತ್ತಾನೆಂಬ ಭರವಸೆಯೇನೂ ಇಲ್ಲ. ದೊಡ್ಡವರು ಬಾಯಿ ತೆರೆದರೆ ಕಿಟಕಿಯಾಚೆ ನೋಡುತ್ತಿದ್ದವನು ಅವನು.

ಪದ್ಯ ಓದುವಾಗ ನಿನ್ನ ದನಿ ನಡುವೆ ಒಡೆದು ಕೀಚಲಾಯಿತಲ್ಲ, ತರಗತಿಯೆಲ್ಲ ಗೊಳ್ಳೆಂದಿತಲ್ಲ, ಅದನ್ನು ವರ್ಷವಿಡೀ ಹೊತ್ತುಕೊಂಡು ತಿರುಗುತ್ತೀಯ. ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಈಚೆಗೆ ಗೆಳೆಯರೆಲ್ಲ ಸೇರಿದಾಗ ನಾನೇ ಆ ಪ್ರಸಂಗ ಎತ್ತಿದೆ. ಒಬ್ಬರಿಗೂ ನೆನಪಿಲ್ಲ! ಒಬ್ಬನಿಗೆ ತನ್ನ ಪ್ಯಾಂಟು ಹರಿದ ದಿನ ನೆನಪಿತ್ತು. ಒಬ್ಬಳಿಗೆ, ಹಣೆಯ ಮೊಡವೆ ಕಾಣದಿರಲೆಂದು ಕೂದಲು ಇಳಿಬಿಟ್ಟುಕೊಂಡು ಬರುತ್ತಿದ್ದದ್ದು. ಆ ಪ್ಯಾಂಟಾಗಲಿ ಮೊಡವೆಯಾಗಲಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಎಂದು ಈ ವಯಸ್ಸಿನಲ್ಲಿ ಅನಿಸುವುದನ್ನು ಡೇವಿಡ್ ಎಲ್ಕೈಂಡ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲೇ ಗುರುತಿಸಿ, ಅದಕ್ಕೆ ‘ಕಾಲ್ಪನಿಕ ಪ್ರೇಕ್ಷಕರು’ ಎಂಬರ್ಥದ ಹೆಸರಿಟ್ಟಿದ್ದರು. 2000ದಲ್ಲಿ ಥಾಮಸ್ ಗಿಲೊವಿಚ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನೂ ಮಜವಾಗಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಟೀ ಶರ್ಟು ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ಗಮನಿಸಿದ್ದು ಕಾಲುಭಾಗದಷ್ಟು ಜನ. ಉಳಿದವರಿಗೆ ಅವರವರ ಅಂಗಿಯ ಚಿಂತೆ ಇದ್ದಿರಬೇಕು.

ಗಣಿತದ ಪೀರಿಯಡ್ಡಿನಲ್ಲಿ “ಅರ್ಥ ಆಯ್ತಾ?” ಅಂದರೆ “ಆಯ್ತು ಸಾರ್” ಎಂದು ನೀನೂ ದನಿಗೂಡಿಸುತ್ತೀಯ. ಮೈನಸ್ ಇಂಟು ಮೈನಸ್ ಪ್ಲಸ್ ಯಾಕಾಗಬೇಕು ಎಂಬ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ. ಕೇಳು ಮಾರಾಯ. ಉತ್ತರ ಬೋರ್ಡಿನ ಒಂದು ಮೂಲೆಯಲ್ಲಿ ಹಿಡಿಸುವಷ್ಟು ಸಣ್ಣದು. 1ಕ್ಕೆ −1 ಕೂಡಿಸಿದರೆ ಸೊನ್ನೆ. ಆ ಸೊನ್ನೆಯನ್ನು −1ರಿಂದ ಗುಣಿಸಿದರೂ ಸೊನ್ನೆಯೇ. ಈಗ ಆ ಸೊನ್ನೆಯೊಳಗಿನ 1 ಮತ್ತು −1 ಎರಡನ್ನೂ ಬಿಡಿಬಿಡಿಯಾಗಿ −1ರಿಂದ ಗುಣಿಸು. ಮೊದಲನೆಯದು −1 ಕೊಡುತ್ತದೆ. ಒಟ್ಟು ಸೊನ್ನೆ ಬರಬೇಕಾದರೆ ಎರಡನೆಯದು, ಅಂದರೆ −1 ಇಂಟು −1, +1 ಆಗದೆ ವಿಧಿಯಿಲ್ಲ. ಇದು ನನಗೆ ತಿಳಿದದ್ದು ಕಾಲೇಜೂ ಮುಗಿದ ಮೇಲೆ. ಅಲ್ಲಿಯವರೆಗೆ ಸಾರ್ ಹೇಳಿದ್ದಾರೆ ಎಂಬ ನಂಬಿಕೆಯ ಮೇಲೆ ದಿನ ತಳ್ಳಿದ್ದಾಯಿತು.

ಪರೀಕ್ಷೆಯ ಹೊತ್ತಿಗೆ ನಡುರಾತ್ರಿಯವರೆಗೆ ದೀಪ ಉರಿಸುತ್ತೀಯಲ್ಲ, ಅದರಲ್ಲೂ ಮನೆಯವರು ನೋಡಲಿ ಎಂಬ ಪಾಲು ಎಷ್ಟಿದೆ, ನಿಜ ಹೇಳು. ನಿದ್ದೆ ತಡವಾಗಿ ಬರುವುದು ನಿನ್ನ ತಪ್ಪಲ್ಲ. ಹದಿಹರೆಯದಲ್ಲಿ, ಮಲಗುವ ಹೊತ್ತಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಏರುವ ಹೊತ್ತೇ ತಡವಾಗುತ್ತದೆ. ಆದರೆ ಬೆಳಗಿನ ಗಂಟೆ ಅದಕ್ಕಾಗಿ ಕಾಯುವುದಿಲ್ಲ, ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆಯೂ ಬೇಕು. ಬಣ್ಣಬಣ್ಣದ ಗೆರೆ ಎಳೆದ ಪುಟವನ್ನೇ ಮತ್ತೆ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದು ನೋಡಿ ಮಲಗು. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ: ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರ ಬಿಟ್ಟು ಕೇಳಿದಾಗ ನೆನೆದು ಬರೆದವರು. ಗೆರೆಗಳು ಚೆಂದ ಕಾಣುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ.

ನೋಡುವವರು ಯಾರೂ ಇರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ವರ್ಷದ ನಡುವೆ ಬೇರೆ ಶಾಲೆಯಿಂದ ಬಂದ ಹುಡುಗನೊಬ್ಬ ನಿನ್ನ ಹಿಂದಿನ ಬೆಂಚಿಗೆ ಬಂದು ಕೂರುತ್ತಾನೆ. ಗೆಳೆಯರು ಸೇರಿದ ದಿನ ಅವನು ಬಂದಿರಲಿಲ್ಲ. ಆಮೇಲೆ ಫೋನಿಗೆ ಸಿಕ್ಕ. ಕೇಳಲು ನಾಚಿಕೆಯಾಗಿ ನನ್ನ ಹೆಗಲ ಮೇಲಿಂದ ಇಣುಕಿ ಸಮಾಜದ ನೋಟ್ಸ್ ಇಳಿಸಿಕೊಳ್ಳುತ್ತಿದ್ದನಂತೆ. ನನ್ನ ಅಕ್ಷರ ತಿಳಿಯದೆ ಇಸವಿಗಳನ್ನೆಲ್ಲ ತಪ್ಪು ಬರೆದುಕೊಂಡನಂತೆ. ಒಂದು ಸಲ ಹಿಂದೆ ತಿರುಗಿ ಆ ನೋಟ್‌ಬುಕ್ಕನ್ನೇ ಅವನ ಕೈಗೆ ಕೊಡು, ಹೆಸರು ಕೇಳು. ಮೈನಸ್ಸಿನ ಲೆಕ್ಕ ಅವನಿಗೆ ಆಗಲೇ ಗೊತ್ತಿತ್ತಂತೆ.