ವೈರಸ್ಸಾ, ಬ್ಯಾಕ್ಟೀರಿಯಾನಾ? ಎರಡೂ ಇರಬಹುದು

ನ್ಯುಮೋನಿಯಾ ಅಂತ ಮಗುವನ್ನು ಅಡ್ಮಿಟ್ ಮಾಡಿದ ತಕ್ಷಣ ಎಲ್ಲರೂ ಕೇಳೋದು ಇದನ್ನೇ, ಅಲ್ವಾ? ಕೆಲವು ಸಲ ಎರಡೂ ಇರುತ್ತವೆ. ಮೊದಲು ಫ್ಲೂ ಅಥವಾ ಉಸಿರಾಟದ ಇನ್ನೊಂದು ವೈರಸ್ ಆದ ಆರ್‌ಎಸ್‌ವಿ ಬಂದು ಶ್ವಾಸನಾಳದ ಒಳಪದರವನ್ನು ಕೆಡಿಸುತ್ತದೆ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಸೋಲುತ್ತವೆ, ಆಗ ಮೂಗು ಗಂಟಲಲ್ಲಿ ಸುಮ್ನೆ ಕೂತಿದ್ದ ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಇಳಿದ ಜ್ವರ ಮತ್ತೆ ಏರಿದರೆ ಡಾಕ್ಟರ್ ಹತ್ತಿರ ಹೋಗೋಕೆ ತಡ ಮಾಡಲೇಬೇಡಿ.

2010ರಿಂದ 2012ರವರೆಗೆ ಅಮೆರಿಕದಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಪರೀಕ್ಷಿಸಿದಾಗ ಶೇ. 7ರಷ್ಟು ಮಕ್ಕಳಲ್ಲಿ ವೈರಸ್, ಬ್ಯಾಕ್ಟೀರಿಯಾ ಎರಡೂ ಸಿಕ್ಕವು. ನಿಜವಾದ ಪ್ರಮಾಣ ಇನ್ನೂ ಜಾಸ್ತಿ ಇರಬೇಕು ಅಂತ ನನಗನ್ನಿಸುತ್ತದೆ, ಯಾಕಂದ್ರೆ ರೋಗಾಣು ಬೆಳೆಸಿ ನೋಡುವ ರಕ್ತದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗೋದೇ ಕಷ್ಟ. ಹಾಗಂತ ಮೂಗಿನ ಸ್ವಾಬ್‌ನಲ್ಲಿ ಕಂಡಿದ್ದೆಲ್ಲ ಕಾಯಿಲೆಗೆ ಕಾರಣ ಅಲ್ಲ. ನೆಗಡಿ ತರುವ ರೈನೋವೈರಸ್ ಆರೋಗ್ಯವಾಗಿರೋ ಮಕ್ಕಳಲ್ಲೂ ಸಿಗುತ್ತದೆ.

ಮನೆಯಲ್ಲಿ ಮಗುವಿನ ಅಂಗಿ ಎತ್ತಿ ಎದೆ ನೋಡಿ. ಅಳು ನಿಂತ ಮೇಲೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2ರಿಂದ 11 ತಿಂಗಳ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಮುಟ್ಟಿದರೆ ಡಾಕ್ಟರ್ ಹತ್ತಿರ ಹೋಗಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಎಣಿಸ್ತಾ ಕೂರಬೇಡಿ, ನೇರ ಆಸ್ಪತ್ರೆಗೆ. ನ್ಯುಮೋಕಾಕಸ್ ತಡೆಯುವ ಪಿಸಿವಿ ಲಸಿಕೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ: 6 ವಾರ, 14 ವಾರ, 9 ತಿಂಗಳು. ತಾಯಿ ಕಾರ್ಡ್ ತೆಗೆದು ಇವತ್ತೇ ನೋಡಿ.